ಅಕ್ಕೋಳದ ಹಿತ್ತಿಲಿಗೆ ಬಂದ ಹಸಿರು ಓತಿ

ಇಂಥ ಸಂಗತಿಗಳನ್ನು ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಒಂದು ಬಗೆಯ ಅಸಹನೆ. ನಿಪ್ಪಾಣಿಯ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಬಹಳ ವರ್ಷ ವಿಜ್ಞಾನ ಕಲಿಸಿದವಳು ನಾನು. ಹಲ್ಲಿ ಮೈಮೇಲೆ ಬಿದ್ದರೆ ಪಂಚಾಂಗ ತೆಗೆದು ಫಲ ನೋಡುವಂಥ ಮನೆಗಳಿಂದಲೇ ನನ್ನ ಹುಡುಗಿಯರು ಬರುತ್ತಿದ್ದರು. ಅದಕ್ಕೆಂದೇ ಪ್ರತಿ ವರ್ಷ ಒಂದು ಹಲ್ಲಿಯನ್ನು ಬಾಟಲಿಯಲ್ಲಿ ಹಿಡಿದು ತಂದು, ತರಗತಿಯಲ್ಲಿ ಅಂಗೈ ಮೇಲೆ, ತೋಳಿನ ಮೇಲೆ ಬಿಟ್ಟುಕೊಂಡು, "ನೋಡ್ರಿ, ನನಗೇನರ ಆತೇನು?" ಎಂದು ಕೇಳುತ್ತಿದ್ದೆ. ಹುಡುಗಿಯರು ಕಿರುಚಿ, ಆಮೇಲೆ ನಗುತ್ತಿದ್ದರು. ಮೂಢನಂಬಿಕೆಯ ಮೇಲೆ ಭಾಷಣ ಮಾಡಬೇಕಾದಾಗಲೆಲ್ಲ ಶಾಲೆಯಲ್ಲಿ ನನ್ನನ್ನೇ ಮುಂದೆ ಮಾಡುತ್ತಿದ್ದರು.

ಅಂಥವಳು ಇದನ್ನು ಬರೆಯಲು ಕೂತಿದ್ದೇನೆ. ಓದುವವರು ನಂಬಬೇಕೆಂದು ಕೇಳುವುದಿಲ್ಲ. ನನಗೇ ಪೂರ್ತಿ ನಂಬಿಕೆಯಿಲ್ಲ. ಆದರೆ ನಡೆದದ್ದು ನಡೆದದ್ದೇ. ಅದರಲ್ಲಿ ನಾನು ಮನೆಯವರಿಗೆ ಹೇಳಿದ ಒಂದು ಸುಳ್ಳೂ ಸೇರಿದೆ. ಅದನ್ನು ಈಗಲಾದರೂ ಒಪ್ಪಿಕೊಳ್ಳಬೇಕು ಅನ್ನಿಸಿದೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನಾಗ ಗಂಡನ ಮನೆಯಾದ ಅಕ್ಕೋಳದಿಂದ ದಿನವೂ ಬಸ್ಸಿನಲ್ಲಿ ನಿಪ್ಪಾಣಿಯ ಶಾಲೆಗೆ ಹೋಗಿ ಬರುತ್ತಿದ್ದೆ. ಮನೆಯಲ್ಲಿ ನಾವು ಗಂಡ ಹೆಂಡತಿ, ನಮ್ಮ ಅತ್ತೆಯವರು. ಒಂದಿಷ್ಟು ತಂಬಾಕಿನ ಹೊಲ, ಒಂದಿಷ್ಟು ಕಬ್ಬು. ನನ್ನ ತವರು ರಾಯಬಾಗ. ಅಲ್ಲಿ ಅವ್ವ ಇದ್ದಳು. ನನ್ನ ಒಬ್ಬನೇ ತಮ್ಮ ಅಜಿತ ಚಿಕ್ಕೋಡಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಲೆಕ್ಚರರ್ ಆಗಿದ್ದ.

ಅಜಿತನಿಗೆ ಓತಿಗಳ ಹುಚ್ಚು. ನಿಪ್ಪಾಣಿಯಿಂದ ಉತ್ತೂರು, ಆಜರಾ ದಾಟಿ ಪಶ್ಚಿಮಕ್ಕೆ ಹೋದರೆ ಅಂಬೋಲಿ ಘಾಟು ಸಿಗುತ್ತದಲ್ಲ, ಆ ಕಾಡಿಗೆ ಅವನು ರಜೆ ಸಿಕ್ಕಾಗಲೆಲ್ಲ ಹೋಗುತ್ತಿದ್ದ. ಮಳೆಗಾಲದಲ್ಲಂತೂ ರಜೆ ಸಾಲದೆ ಸಂಬಳ ಕಳೆದುಕೊಂಡೂ ಹೋಗುತ್ತಿದ್ದ. ಮದುವೆಯ ಮಾತೆತ್ತಿದರೆ ಮುಂದಿನ ವರ್ಷ ಅನ್ನುತ್ತಿದ್ದ. ಯಾರಾದರೂ ಮಗ ಎಲ್ಲಿ ಎಂದು ಕೇಳಿದರೆ ಅವ್ವ, "ಓತಿಕ್ಯಾತ ಕಾಯಾಕ ಹೋಗ್ಯಾನ" ಎಂದು ಹೇಳಿ ಮುಖ ತಿರುವುತ್ತಿದ್ದಳು.

ಅವನ ಹುಚ್ಚನ್ನು ಸ್ವಲ್ಪವಾದರೂ ಅರ್ಥ ಮಾಡಿಕೊಳ್ಳುತ್ತಿದ್ದವಳು ನಾನೊಬ್ಬಳೇ. ಹಾಗಾಗಿ ಕಾಡಿನಿಂದ ಅವನು ಬರೆಯುತ್ತಿದ್ದ ಇನ್‌ಲ್ಯಾಂಡ್ ಪತ್ರಗಳೆಲ್ಲ ನನಗೇ. ಒಂದು ಪತ್ರ ನನಗೆ ಬಾಯಿಪಾಠವಾಗಿದೆ. "ಅಕ್ಕಾ, ನಮ್ಮ ಹೊಲದ ಬೇಲಿಯ ಮೇಲಿನ ಮಣ್ಣುಬಣ್ಣದ ಓತಿಕ್ಯಾತ ನೋಡಿದವರಿಗೆ ಇದು ಅದರದೇ ಸಂಬಂಧಿ ಅಂದರೆ ನಂಬಿಕೆ ಬರುವುದಿಲ್ಲ. ಮೈ ಈಗಷ್ಟೇ ಚಿಗುರಿದ ಎಲೆಯ ಹಸಿರು. ಬೆನ್ನಿಗೆ ಅಡ್ಡಲಾಗಿ ಐದು ಬಿಳಿ ಪಟ್ಟಿ. ಕುತ್ತಿಗೆಯಿಂದ ಬೆನ್ನುದ್ದಕ್ಕೂ ಬಾಚಣಿಗೆಯ ಹಲ್ಲಿನಂತೆ ಮುಳ್ಳು. ಬಾಲವಂತೂ ಮೈಗಿಂತ ಎರಡು ಪಟ್ಟು ಉದ್ದ, ತುದಿಗೆ ಹೋದಂತೆ ದಾರದಷ್ಟು ಸಣ್ಣ. ಹೆಣ್ಣಿಗೆ ಕಾಯುವ ದಿನಗಳಲ್ಲಿ ಗಂಡಿನ ತಲೆ, ಗಂಟಲು ಕೆಂಪಗೆ ಕೆಂಡವಾಗುತ್ತದೆ. ಇಲ್ಲಿ ಮರಗಳಿಗೆ ಒಂದಿಂಚೂ ಬರಿಮೈ ಇಲ್ಲ, ತುಂಬ ಪಾಚಿ. ಆ ಪಾಚಿಯ ಮೇಲೆ, ಮೇಲಿನಿಂದ ಒಂದು ತುಣುಕು ಬಿಸಿಲು ಬೀಳುವ ಜಾಗ ಹುಡುಕಿಕೊಂಡು ಕೂಡುತ್ತದೆ. ಹೆಣ್ಣು ಮೊಟ್ಟೆ ಇಡಲು ನೆಲಕ್ಕೆ ಇಳಿಯುತ್ತದೆ. ಗಂಡಿಗೆ ಆ ಕೆಲಸವೂ ಇಲ್ಲ."

ಅವನು ತಿಳಿಯಲು ಹೊರಟಿದ್ದುದು ಒಂದೇ ಪ್ರಶ್ನೆ: ಈ ಓತಿ ತನ್ನ ಮರ ಬಿಟ್ಟು ಎಷ್ಟು ದೂರ ಹೋಗುತ್ತದೆ? ಅದಕ್ಕಾಗಿ ಒಂದೊಂದನ್ನೂ ಹಿಡಿದು ಗುರುತು ಮಾಡುತ್ತಿದ್ದ. ಬಣ್ಣ ಹಚ್ಚಿದರೆ ಪೊರೆ ಬಿಟ್ಟಾಗ ಹೋಗಿಬಿಡುತ್ತದೆ. ಆದ್ದರಿಂದ ಕಾಲ್ಬೆರಳುಗಳ ತುದಿಯನ್ನು ಸಣ್ಣ ಕತ್ತರಿಯಿಂದ ಕತ್ತರಿಸಿಬಿಡುತ್ತಿದ್ದ. ಯಾವ ಕಾಲಿನ ಯಾವ ಬೆರಳು ಗಿಡ್ಡವಾಗಿದೆ ಎಂಬುದರ ಮೇಲೆ ಅದರ ನಂಬರು. ಅದು ನನಗೆ ಸರಿ ಅನ್ನಿಸುತ್ತಿರಲಿಲ್ಲ. ಜಗಳವಾಡಿದ್ದೆ ಕೂಡ. "ಉಗುರಿನಷ್ಟ ಐತಿ ಅಕ್ಕಾ, ಅದಕ್ಕೇನೂ ಆಗೂದಿಲ್ಲ" ಅನ್ನುತ್ತಿದ್ದ.

ಅವುಗಳಲ್ಲಿ ಏಳನೆಯ ನಂಬರಿನ ಗಂಡಿನ ಮೇಲೆ ಅವನಿಗೆ ವಿಶೇಷ ಪ್ರೀತಿ. ಅದರ ಮುಂದಿನ ಎಡಗಾಲಿನ ಎರಡನೆಯ ಬೆರಳು ಮತ್ತು ಹಿಂದಿನ ಬಲಗಾಲಿನ ಎಲ್ಲಕ್ಕಿಂತ ಉದ್ದದ ಬೆರಳು ಕತ್ತರಿಸಿದ್ದ. ಯಾವಾಗಲೋ ಪೆಟ್ಟು ತಿಂದು ಬಾಲ ನಡುವೆ ಒಂದು ಕಡೆ ಸೊಟ್ಟಗಾಗಿತ್ತು. ಆ ಸೊಟ್ಟ ಬಾಲದ ಚಿತ್ರ, ಅದರ ಮರ, ಮರದ ಕೆಳಗೆ ಹಳ್ಳ ಎರಡಾಗಿ ಒಡೆಯುವ ಜಾಗ, ಅಲ್ಲಿಗೆ ಹೋಗುವ ಕಾಲುದಾರಿ, ಎಲ್ಲವನ್ನೂ ಒಂದು ಪತ್ರದಲ್ಲಿ ಬಿಡಿಸಿ ಕಳಿಸಿದ್ದ. "ಎರಡು ವರ್ಷದಿಂದ ನೋಡುತ್ತಿದ್ದೇನೆ, ಏಳು ತನ್ನ ಮರದಿಂದ ನೂರು ಹೆಜ್ಜೆ ಆಚೆ ಹೋಗಿಲ್ಲ" ಎಂದು ಹೆಮ್ಮೆಯಿಂದ ಬರೆದಿದ್ದ.

ಆ ವರ್ಷದ ನಾಗರ ಪಂಚಮಿಗೆ ಅವನು ನನ್ನನ್ನು ತವರಿಗೆ ಕರೆದುಕೊಂಡು ಹೋಗಲು ಬರಬೇಕಿತ್ತು. ಬರಲಿಲ್ಲ. ಬದಲಿಗೆ ಒಂದು ಕಾರ್ಡು ಬಂತು. ಓತಿಗಳು ಜೋಡಿಯಾಗುವ ಸಮಯ, ಬಿಟ್ಟು ಬರಲಾರೆ, ಹಬ್ಬವಾದ ಮೇಲೆ ಬರುತ್ತೇನೆ ಎಂದು. ನಾನು ಒಂದು ವಾರ ಸಿಟ್ಟಿನಲ್ಲೇ ಇದ್ದೆ. ಅವನ ಬಗ್ಗೆ ಚಿಂತೆ ಅನ್ನುವುದು ನನ್ನ ಮನಸ್ಸಿನಲ್ಲಿ ಇರಲೇ ಇಲ್ಲ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆಂದರೆ, ಚಿಂತೆಯಲ್ಲಿದ್ದವರ ಕಣ್ಣಿಗೆ ಏನೇನೋ ಕಾಣುತ್ತದೆ ಎಂದು ಆಮೇಲೆ ಅಜಿತನೇ ನನಗೆ ಹೇಳಿದ. ಆ ದಿನ ನನಗಿದ್ದದ್ದು ಬರೀ ಸಿಟ್ಟು.

ಅದು ಶನಿವಾರ. ಶಾಲೆ ಬೆಳಗಿನದು. ಮುಗಿಸಿಕೊಂಡು ನಾನು ಅಕ್ಕೋಳದ ಮನೆಗೆ ಬಂದಾಗ ಹನ್ನೆರಡು ದಾಟಿತ್ತು. ನಮ್ಮ ಮನೆಯವರು ತಂಬಾಕಿನ ಸಸಿ ಹಚ್ಚಿಸಲು ಹೊಲಕ್ಕೆ ಹೋಗಿದ್ದರು. ಅತ್ತೆಯವರು ಹಿತ್ತಿಲ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದರು. ನಾಲ್ಕು ದಿನದಿಂದ ನಮ್ಮ ಕಡೆ ಒಂದು ಹನಿ ಮಳೆಯಿಲ್ಲ. ಪಡುವಣದಲ್ಲಿ ಘಾಟಿನ ಮೇಲೆ ಮಾತ್ರ ಮೋಡ ಕಪ್ಪಗೆ ನಿಂತಿತ್ತು. ಅಂಗಳವೆಲ್ಲ ಒಣಗಿ, ಬಿಸಿಲು ಚುರುಗುಟ್ಟುತ್ತಿತ್ತು.

ಕೈಕಾಲು ತೊಳೆಯಲು ಹಿತ್ತಿಲ ಒಗೆಯುವ ಕಲ್ಲಿನ ಹತ್ತಿರ ಹೋದೆ. ಅದರ ಪಕ್ಕ ಒಂದು ನುಗ್ಗೆ ಮರ. ತಂಬಿಗೆ ಎತ್ತಿದವಳು ಯಾಕೋ ತಲೆ ಎತ್ತಿ ನೋಡಿದೆ. ನನ್ನ ಎದೆಯ ಎತ್ತರಕ್ಕೆ, ಮರದ ಬೂದು ಬಣ್ಣದ ತೊಗಟೆಯ ಮೇಲೆ, ತಲೆ ಕೆಳಗೆ ಮಾಡಿ ಆ ಹಸಿರು ಓತಿ ಕೂತಿತ್ತು.

ಮೊದಲು ನನಗಾದದ್ದು ಖುಷಿ. ನಿಜವಾಗಿಯೂ ಖುಷಿ. ತಮ್ಮ ಬರೆದದ್ದೆಲ್ಲ ಕಣ್ಣೆದುರಿಗೆ ಇತ್ತು. ಎಳೆ ಎಲೆಯ ಹಸಿರು, ಬೆನ್ನಿನ ಬಿಳಿ ಪಟ್ಟಿಗಳು, ಬಾಚಣಿಗೆಯ ಹಲ್ಲು, ಕೆಂಪು ಗಂಟಲು. ಘಾಟಿನ ಕಡೆಯಿಂದ ಕಟ್ಟಿಗೆಯ ಲಾರಿಯಲ್ಲೋ ಬಿದಿರಿನ ಹೊರೆಯಲ್ಲೋ ಬಂದುಬಿಟ್ಟಿದೆ ಎಂದುಕೊಂಡೆ. ಅಜಿತ ಬಂದರೆ ತೋರಿಸಬೇಕು, ಇದನ್ನು ಹಿಡಿದಿಡಲೇ ಅನ್ನುವಷ್ಟು ಮುಂದೆ ಯೋಚಿಸಿದೆ.

ಆಮೇಲೆ ಕಂಡದ್ದು ನೀರು. ಓತಿಯ ಮೈ ಪೂರ್ತಿ ತೊಯ್ದಿತ್ತು. ಅದರ ಗದ್ದದಿಂದ ಹನಿ ಇಳಿದು, ಒಣ ತೊಗಟೆಯ ಮೇಲೆ ಒಂದು ಗೇಣಿನಷ್ಟು ಕಪ್ಪು ಗೆರೆ ಮೂಡಿತ್ತು. ನಾನು ತಂಬಿಗೆಯಿಂದ ಇನ್ನೂ ನೀರು ಚೆಲ್ಲಿರಲಿಲ್ಲ. ಮೇಲೆ ನೋಡಿದೆ, ಬರೀ ಬಿಸಿಲು.

ಬಾಲ ನೋಡಿದೆ. ನಡುವೆ ಸೊಟ್ಟಗಿತ್ತು.

ತಂಬಿಗೆ ಕೆಳಗಿಟ್ಟು ಬೆರಳುಗಳನ್ನು ಎಣಿಸಿದೆ. ವಿಜ್ಞಾನದ ಟೀಚರು ಎಣಿಸಿದಂತೆಯೇ, ಒಂದು ಕಡೆಯಿಂದ. ಮುಂದಿನ ಎಡಗಾಲು, ಎರಡನೆಯ ಬೆರಳು ಗಿಡ್ಡ. ಹಿಂದಿನ ಬಲಗಾಲು, ಉದ್ದದ ಬೆರಳಿಗೆ ಉಗುರೇ ಇಲ್ಲ. ಇನ್ನೊಮ್ಮೆ ಎಣಿಸಿದೆ. ಮೂರು ಮೊಳ ದೂರದಲ್ಲಿ ನಿಂತು ಎಣಿಸುತ್ತಿದ್ದರೂ ಅದು ಅಲುಗಾಡಲಿಲ್ಲ. ಬೇಲಿಯ ಓತಿಯಾಗಿದ್ದರೆ ಎಂದೋ ಓಡಿಹೋಗುತ್ತಿತ್ತು. ಇದು ಒಂದು ಕಣ್ಣನ್ನು ನನ್ನ ಕಡೆ ತಿರುಗಿಸಿ, ಗಂಟಲು ಉಬ್ಬಿಸುತ್ತ ಇಳಿಸುತ್ತ ಕೂತೇ ಇತ್ತು.

"ಏನ ನೋಡಾಕತ್ತೀ?" ಎಂದು ಅತ್ತೆಯವರು ಎದ್ದು ಬಂದರು. ಬಂದವರು ಅಲ್ಲೇ ನಿಂತರು. "ಅಯ್ಯ, ಇದ್ಯಾತರ ಹುಳಾನ! ಹಸರ ಅಂದ್ರ ಹಸರ, ಗಿಳಿ ಹಂಗ! ದೂರ ಸರಿ, ನೆತ್ತರ ಹೀರತೈತಿ" ಎಂದು ಕಸಬರಿಗೆ ಎತ್ತಿದರು. ನಾನು ಅವರ ಕೈ ಹಿಡಿದುಕೊಂಡೆ. ಅಷ್ಟರಲ್ಲಿ ಅದು ಸಾವಕಾಶವಾಗಿ ಮರವನ್ನು ಬಳಸಿಕೊಂಡು ಹಿಂದಕ್ಕೆ ಹೋಯಿತು. ನಾನು ಆ ಕಡೆಯಿಂದ, ಅತ್ತೆಯವರು ಈ ಕಡೆಯಿಂದ ಸುತ್ತಿದೆವು. ಮರದ ಹಿಂದೆ ಏನೂ ಇರಲಿಲ್ಲ. ಮೇಲೆ ನೋಡಿದೆವು. ನುಗ್ಗೆ ಮರದಲ್ಲಿ ಅಡಗುವಂಥ ಎಲೆಯೂ ಇರಲಿಲ್ಲ, ಹತ್ತಿರ ಇನ್ನೊಂದು ಮರವೂ ಇರಲಿಲ್ಲ. ನೆಲ ಬಟಾಬಯಲು. ತೊಗಟೆಯ ಮೇಲಿನ ನೀರಿನ ಗೆರೆ ಮಾತ್ರ ನಾವು ನೋಡುತ್ತಿರುವಂತೆಯೇ ಬಿಸಿಲಿಗೆ ಒಣಗಿಹೋಯಿತು.

ಒಳಗೆ ಓಡಿದೆ. ಟ್ರಂಕಿನಿಂದ ಆ ಪತ್ರ ತೆಗೆದೆ. ಸೊಟ್ಟ ಬಾಲದ ಚಿತ್ರ ನೋಡಿದೆ, ಬೆರಳುಗಳ ಲೆಕ್ಕ ನೋಡಿದೆ. ತಪ್ಪು ಹುಡುಕಲು ನೋಡುತ್ತಿದ್ದೆ. ತಪ್ಪು ಸಿಗಲಿಲ್ಲ. ಆಗ ನನಗೆ ಒಂದೇ ಯೋಚನೆ ಬಂತು. ಎಲ್ಲಿಂದ ಬಂತು ಎಂದು ಕೇಳಿದರೆ ಹೇಳಲಾರೆ. ಅಜಿತ ಎಲ್ಲೋ ಬಿದ್ದಿದ್ದಾನೆ. ಅನುಮಾನ ಅನ್ನುವಂಥದ್ದಲ್ಲ ಅದು. ಅವನು ಬಿದ್ದಿದ್ದಾನೆ ಎಂಬುದು ಯಾರೋ ಹೇಳಿ ಹೋದಷ್ಟು ಸ್ಪಷ್ಟವಾಗಿತ್ತು.

ಆದರೆ ಯಾರಿಗೆ ಏನೆಂದು ಹೇಳಲಿ? ಓತಿಕ್ಯಾತ ಬಂದಿತ್ತು, ಅದಕ್ಕೆ ಘಾಟಿಗೆ ಹೋಗೋಣ ಅಂದರೆ ನಮ್ಮ ಮನೆಯವರು ನಗುತ್ತಿದ್ದರು. ಸಸಿ ಹಚ್ಚುವ ಆಳುಗಳು ಹೊಲದಲ್ಲಿದ್ದರು. ಬೇರೆ ಯಾರಾದರೂ ನನಗೆ ಹಾಗೆ ಹೇಳಿದ್ದರೆ ನಾನೂ ನಗುತ್ತಿದ್ದೆ.

ಹೊಲಕ್ಕೆ ನಡೆಯುತ್ತ ಹೋಗುವಾಗಲೇ ಸುಳ್ಳನ್ನು ತಯಾರು ಮಾಡಿಕೊಂಡೆ. "ಸಾಲಿ ಬಿಡೂ ಹೊತ್ತಿಗೆ ಆಫೀಸಿಗೆ ಫೋನ್ ಬಂದಿತ್ತರಿ. ಯಾರೋ ಮರಾಠಿ ಮಾತಾಡವ್ರು. ಅಜಿತಗ ಕಾಡಿನ್ಯಾಗ ಪೆಟ್ಟಾಗೈತಿ, ಲಗೂನ ಬರ್ರಿ ಅಂದ್ರು. ಅಷ್ಟರಾಗ ಕಟ್ ಆತು" ಎಂದೆ. ನನ್ನ ದನಿ ನಡುಗುತ್ತಿದ್ದುದು ನಾಟಕವಾಗಿರಲಿಲ್ಲ.

"ಮತ್ತ ಬಸ್ ಇಳದ ಕೂಡ್ಲೆ ಇಲ್ಲಿಗ್ಯಾಕ ಬರಲಿಲ್ಲ? ಇಷ್ಟೊತ್ತನಕ ಮನ್ಯಾಗ ಏನ ಮಾಡಾಕತ್ತಿದ್ದಿ?" ಎಂದು ಅವರು ಕೇಳಿದರು. ನಾನು ಅದಕ್ಕೆ ಉತ್ತರ ತಯಾರಿಸಿರಲಿಲ್ಲ. ಹಿಂದಿನಿಂದ ಅತ್ತೆಯವರ ದನಿ ಕೇಳಿಸಿತು. ಆ ವಯಸ್ಸಿನಲ್ಲಿ ಅವರು ನನ್ನ ಹಿಂದೆಯೇ ಹೊಲದವರೆಗೆ ನಡೆದು ಬಂದಿದ್ದರು. "ಅದನ್ನೆಲ್ಲಾ ಆಮ್ಯಾಲ ಕೇಳಂತಿ. ಮದ್ಲ ಜೀಪ್ ನೋಡು, ಹೋಗು. ಸಸಿ ನಾ ಹಚ್ಚಸ್ತೀನಿ" ಅಂದರು. ಅವರು ಹಾಗೆ ಅಂದ ಮೇಲೆ ಮಗ ಎದುರು ಮಾತಾಡುವಂತಿರಲಿಲ್ಲ.

ಊರಿನ ತಂಬಾಕು ವ್ಯಾಪಾರಿಯೊಬ್ಬರ ಜೀಪು ಸಿಕ್ಕಿತು. ಡ್ರೈವರ್ ಬಾಳು, ನಮ್ಮ ಮನೆಯವರು, ನಾನು. ಉತ್ತೂರಿನವರೆಗೆ ಬಿಸಿಲಿತ್ತು. ಆಜರಾ ದಾಟಿದ ಮೇಲೆ ಮಳೆ ಶುರುವಾಯಿತು. ಮುಂದೆ ಹೋದಂತೆ ರಸ್ತೆಯೇ ಕಾಣದ ಹಾಗೆ ಮಂಜು. ಆ ಮೂರು ತಾಸು ನಾನು ಅನುಭವಿಸಿದ್ದನ್ನು ಬಿಚ್ಚಿ ಹೇಳುತ್ತೇನೆ. ಅಜಿತನಿಗೆ ಏನೂ ಆಗಿರದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಅದರ ಬೆನ್ನಿಗೇ ಇನ್ನೊಂದು ಹೆದರಿಕೆ. ಅವನು ಚಹಾ ಕುಡಿಯುತ್ತ ಕೂತಿದ್ದರೆ ಗಂಡನಿಗೆ ಏನು ಹೇಳಲಿ? ಒಂದು ಗಳಿಗೆ, ಒಂದೇ ಒಂದು ಗಳಿಗೆ, ಅವನಿಗೆ ಸಣ್ಣದೊಂದು ಪೆಟ್ಟಾದರೂ ಆಗಿರಲಿ ಅನ್ನಿಸಿತು. ಅಂಥ ಯೋಚನೆ ಒಡಹುಟ್ಟಿದವಳಿಗೆ ಬಂದದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅಂಬೋಲಿಯಲ್ಲಿ ಅಜಿತ ಒಂದು ಸಣ್ಣ ಚಹಾದ ಹೋಟೆಲಿನ ಹಿಂದಿನ ಕೋಣೆಯಲ್ಲಿ ಇರುತ್ತಿದ್ದ. ನಾವು ಹೋಗಿ ಕೇಳಿದಾಗ ಹೋಟೆಲಿನ ಮುದುಕ ಗಾಬರಿಯಾದ. ಸರ್ ನಿನ್ನೆ ಬೆಳಗ್ಗೆಯೇ ಹೊರಟರು, ಊರಿಗೆ ಹೋಗಿರಬೇಕು ಎಂದುಕೊಂಡಿದ್ದೆ ಎಂದು ಮರಾಠಿಯಲ್ಲಿ ಹೇಳಿದ. ಪೆಟ್ಟಾದ ಸುದ್ದಿ ಅವನಿಗೆ ಗೊತ್ತಿರಲಿಲ್ಲ. ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಮನೆಯವರು ತಿರುಗಿ ನನ್ನ ಮುಖ ನೋಡಿದರು. "ಹಂಗಾದ್ರ ಫೋನ್ ಮಾಡಿದವ್ರು ಯಾರು?"

ಕೋಣೆಯ ಬಾಗಿಲು ತೆಗೆಸಿದೆ. ಅವನ ಚೀಲ, ಬಟ್ಟೆ, ಎಲ್ಲ ಅಲ್ಲೇ ಇದ್ದವು. ಊರಿಗೆ ಹೋಗುವವನು ಚೀಲ ಬಿಟ್ಟು ಹೋಗುತ್ತಾನೆಯೇ? ಅಷ್ಟು ಕಂಡ ಮೇಲೆ ನಮ್ಮ ಮನೆಯವರು ಮತ್ತೇನೂ ಕೇಳಲಿಲ್ಲ.

ಕಾಡಿನ ಕಾವಲುಗಾರನೊಬ್ಬ ಸಿಕ್ಕಿದ. ಪತ್ರದಲ್ಲಿದ್ದ ನಕ್ಷೆ ತೋರಿಸಿದೆ. ಹಳ್ಳ ಎರಡಾಗುವ ಜಾಗ ಅವನಿಗೆ ಗೊತ್ತಿತ್ತು. ಬರಬೇಡ ಎಂದರೂ ಕೇಳದೆ ನಾನೂ ಹೋದೆ. ಸೀರೆಯ ನೆರಿಗೆ ಮೊಣಕಾಲಿಗೆ ಸಿಕ್ಕಿಸಿಕೊಂಡು, ಜಾರುವ ಕಲ್ಲುಗಳ ಮೇಲೆ ಅವರ ಹಿಂದೆ ಇಳಿದೆ. ಆ ಕಾಡಿನೊಳಗೆ ನಾನು ಮೊದಲ ಸಲ ಕಾಲಿಟ್ಟದ್ದು ಅವತ್ತು. ತಮ್ಮ ಬರೆದದ್ದು ಸುಳ್ಳಾಗಿರಲಿಲ್ಲ. ಮರಗಳೆಲ್ಲ ಪಾಚಿಯ ಅಂಗಿ ತೊಟ್ಟು ನಿಂತಿದ್ದವು. ಮಳೆ ನಿಂತ ಮೇಲೂ ಎಲೆಯಿಂದ ಎಲೆಗೆ ನೀರು ತೊಟ್ಟಿಕ್ಕುತ್ತಲೇ ಇತ್ತು. ಆ ಸದ್ದಿನಲ್ಲಿ ಯಾರಾದರೂ ಕೂಗಿದರೂ ಕೇಳುವಂತಿರಲಿಲ್ಲ. ಕಾಲಿಗೆ ಜಿಗಣೆ ಹತ್ತಿದ್ದೂ ನನಗೆ ಗೊತ್ತಾಗಲಿಲ್ಲ. "ಅಜಿತಾ" ಎಂದು ಕೂಗುತ್ತ ಹೋದೆ. ಬೆಳಕು ಕಡಿಮೆಯಾಗುತ್ತಿತ್ತು. ಕಾವಲುಗಾರ ಎರಡು ಸಲ ಆಕಾಶ ನೋಡಿದ. ಇನ್ನು ಸ್ವಲ್ಪ ಹೊತ್ತಿಗೆ ಹಿಂದಿರುಗೋಣ ಅನ್ನುತ್ತಾನೆ ಎಂದು ನನಗೆ ಗೊತ್ತಾಯಿತು. ಅದಕ್ಕೇ ಅವನ ಮುಖದ ಕಡೆ ನೋಡದೆ ಮುಂದೆ ಮುಂದೆ ನಡೆದೆ.

ಹಳ್ಳ ಕವಲೊಡೆಯುವ ಕಡೆ ಒಂದು ದೊಡ್ಡ ಬಂಡೆ, ಅದರ ಮೇಲೆ ಬಾಗಿದ ಒಂದು ಮರ. ಬಂಡೆಯ ಬುಡದಲ್ಲಿ ಅವನ ಖಾಕಿ ರೇನ್‌ಕೋಟು ಕಂಡಿತು. ಮೊದಲು ಬರೀ ಕೋಟು ಎಂದುಕೊಂಡೆ. ಆಮೇಲೆ ಅದು ಅಲುಗಾಡಿತು. "ಅಕ್ಕಾ?" ಎಂದ. ಪ್ರಶ್ನೆಯ ಹಾಗೆ ಕೇಳಿದ. ಹಿಂದಿನ ದಿನ ಬೆಳಗ್ಗೆ ಕಲ್ಲು ಜಾರಿ ಮೇಲಿನಿಂದ ಬಿದ್ದು, ಬಲಗಾಲು ಮೊಣಕಾಲಿನ ಕೆಳಗೆ ಮುರಿದಿತ್ತು. ಒಂದು ಹಗಲು, ಒಂದು ರಾತ್ರಿ, ಮತ್ತೆ ಒಂದು ಹಗಲು ಮಳೆಯಲ್ಲಿ ಬಿದ್ದಿದ್ದ. ಜ್ವರದಿಂದ ಮೈ ಸುಡುತ್ತಿತ್ತು. ಬಿದಿರು ಕಡಿದು, ಕಂಬಳಿ ಕಟ್ಟಿ, ಮೂವರು ಗಂಡಸರು ಅವನನ್ನು ಹೊತ್ತು ಮೇಲೆ ತಂದರು. ನಿಪ್ಪಾಣಿಯ ಡಾಕ್ಟರು, ಇನ್ನೊಂದು ರಾತ್ರಿ ಕಳೆದಿದ್ದರೆ ನನ್ನಿಂದ ಏನೂ ಹೇಳಲಾಗುತ್ತಿರಲಿಲ್ಲ ಎಂದರು.

ನಾನು ಹೇಳಬೇಕಾದದ್ದು ಜೀಪಿನಲ್ಲಿ ನಡೆದ ಮಾತು. ಅವನ ತಲೆ ನನ್ನ ತೊಡೆಯ ಮೇಲಿತ್ತು. ಓತಿಯ ವಿಷಯ ನಾನು ಅವನಿಗೆ ಒಂದಕ್ಷರವೂ ಹೇಳಿರಲಿಲ್ಲ. ಅವನೇ ತಾನಾಗಿ ಶುರು ಮಾಡಿದ.

"ಏಳ ನಂಬರ ನನ್ನ ಬಿಟ್ಟ ಹೋಗ್ಲಿಲ್ಲ ನೋಡಕ್ಕಾ. ಅಲ್ಲೇ ಇತ್ತು."

"ಯಾವಾಗ?" ಎಂದೆ.

"ಇವತ್ತ. ಮಧ್ಯಾಹ್ನ ಒಂದೀಟ ಬಿಸಲ ಬಿತ್ತು. ಆವಾಗ ಅರ್ಧಾ ಗಿಡಾ ಇಳದ ಬಂತು. ತಲಿ ಕೆಳಗ ಮಾಡಿ ನನ್ನ ನೋಡಕೊಂತ ಕುಂತಿತ್ತು. ನಾ ಗಡಿಯಾರ ನೋಡೇನಿ, ಹನ್ನೆರಡೂವರಿ. ಆಮ್ಯಾಲ ಗಿಡದ ಹಿಂದ ಸುತ್ತಹಾಕಿ ಹೋತು."

ಗಡಿಯಾರ ನೋಡುವುದು ಅವನ ಕೆಲಸದ ಅಭ್ಯಾಸ. ಮೈ ಸುಡುತ್ತಿದ್ದರೂ ಅದನ್ನು ಅವನು ಬಿಟ್ಟಿರಲಿಲ್ಲ. ನಾನು ಬಸ್ಸು ಇಳಿದ ಹೊತ್ತು, ಮನೆಗೆ ನಡೆದ ಹೊತ್ತು ಮನಸ್ಸಿನಲ್ಲೇ ಕೂಡಿಸಿದೆ. ಆಮೇಲೆ ಕೂಡಿಸುವುದನ್ನು ನಿಲ್ಲಿಸಿ, ಅವನ ಹಣೆಯ ಮೇಲೆ ಕೈ ಇಟ್ಟುಕೊಂಡು, ನಿಪ್ಪಾಣಿ ಬರುವವರೆಗೆ ಹೊರಗೆ ನೋಡುತ್ತ ಕೂತೆ.

ಅವನ ಕಾಲಿಗೆ ಹಾಕಿದ ಪ್ಲಾಸ್ಟರು ತೆಗೆಯುವ ದಿನಗಳು ಹತ್ತಿರ ಬಂದ ಮೇಲೆ ಒಂದು ಸಂಜೆ ಅವನಿಗೆ ಎಲ್ಲ ಹೇಳಿದೆ. ಮೊದಲು ನಕ್ಕ. ಅದು ಗೋಸುಂಬೆ ಇರಬೇಕು ಅಂದ. ಗೋಸುಂಬೆಯ ಪಾದ ಇಕ್ಕಳದ ಹಾಗಿರುತ್ತದೆ, ನಾನು ಬಿಡಿ ಬಿಡಿ ಬೆರಳುಗಳನ್ನು ಎಣಿಸಿದ್ದೇನೆ ಎಂದೆ. ಹಾಗಾದರೆ ಯಾವುದೋ ಹಸಿರು ಓತಿ ಲಾರಿಯಲ್ಲಿ ಬಂದಿದೆ, ನನ್ನ ಪತ್ರ ಓದಿ ಓದಿ ನಿನ್ನ ಮನಸ್ಸೇ ಬೆರಳು ಕತ್ತರಿಸಿ ಬಾಲ ಸೊಟ್ಟ ಮಾಡಿದೆ ಅಂದ. ಇರಬಹುದು. ಅದನ್ನು ನಾನು ಅರ್ಧ ಒಪ್ಪಿದೆ, ಈಗಲೂ ಅರ್ಧ ಒಪ್ಪುತ್ತೇನೆ. ಆದರೆ ಮೈಮೇಲಿನ ನೀರು? ಅವನು ಮಾತನ್ನು ತನ್ನ ಕಡೆಗೇ ತಿರುಗಿಸಿದ. ತನಗೇ ಜ್ವರದಲ್ಲಿ ಏಳು ಕಂಡಿರಬಹುದು, ಅಲ್ಲಿ ಅದು ಇರಲೇ ಇಲ್ಲವೇನೋ ಅಂದ. ತನ್ನ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಅವನಿಗೇ ತಿಳಿದಿತ್ತು. ಅಲ್ಲಿ ಇರಲಿಲ್ಲವಾದರೆ ಎಲ್ಲಿತ್ತು?

"ಅಕ್ಕಾ, ಇದನ್ನ ಯಾರ ಮುಂದೂ ಹೇಳಬ್ಯಾಡ" ಎಂದ. ಅವನ ಮುಖದಲ್ಲಿ ಹೆದರಿಕೆ ಇತ್ತು. ಕಾಡಿನಲ್ಲಿ ಬಿದ್ದಿದ್ದಾಗಲೂ ಆ ಹೆದರಿಕೆ ನನಗೆ ಕಂಡಿರಲಿಲ್ಲ.

ಮರು ಬೇಸಿಗೆಯಲ್ಲಿ ಅವನು ಕುಂಟುತ್ತ ಮತ್ತೆ ಕಾಡಿಗೆ ಹೋದಾಗ ನಾನೂ ಜೊತೆಗೆ ಹೋದೆ. ಏಳು ತನ್ನ ಮರದಲ್ಲೇ ಇತ್ತು. ಹಗಲು ಪೂರ್ತಿ ಅದರ ಕೆಳಗೆ ಕೂತೆ. ನನ್ನ ಗುರುತು ಹತ್ತಿದ ಯಾವ ಲಕ್ಷಣವೂ ಅದರಲ್ಲಿ ಇರಲಿಲ್ಲ. ಹತ್ತಿರ ಹೋದರೆ ಮೇಲೆ ಓಡುತ್ತಿತ್ತು. ಒಂದು ಮಿಡತೆ ಹಿಡಿದು ನುಂಗಿತು. ಅಷ್ಟೇ. ಅಜಿತ ಇನ್ನೆರಡು ವರ್ಷ ಅದನ್ನು ನೋಡಿದ. ನೂರು ಹೆಜ್ಜೆಯ ಲೆಕ್ಕ ತಪ್ಪಲಿಲ್ಲ.

ಮನೆಯಲ್ಲಿ ಮಾತ್ರ ಆ ಫೋನು ದೊಡ್ಡ ಕತೆಯಾಯಿತು. ಹೆಸರು ಹೇಳದೆ ಫೋನ್ ಮಾಡಿದ ಆ ಪುಣ್ಯಾತ್ಮ ಯಾರಿರಬಹುದು ಎಂದು ನಮ್ಮ ಮನೆಯವರು ಬಂದ ನೆಂಟರ ಮುಂದೆಲ್ಲ ಹೇಳುತ್ತಿದ್ದರು. ಅವ್ವ ಆ ಪುಣ್ಯಾತ್ಮನಿಗೆ ಒಳ್ಳೆಯದಾಗಲೆಂದು ವರ್ಷಕ್ಕೊಮ್ಮೆ ಬಸದಿಯಲ್ಲಿ ಪೂಜೆ ಮಾಡಿಸುತ್ತಿದ್ದಳು. ನಾನು ಕೈಮುಗಿದು ಸುಮ್ಮನಿರುತ್ತಿದ್ದೆ. ತರಗತಿಯಲ್ಲಿ ಹಲ್ಲಿಯನ್ನು ಅಂಗೈಗೆ ಬಿಟ್ಟುಕೊಳ್ಳುವುದನ್ನೂ ನಾನು ನಿಲ್ಲಿಸಲಿಲ್ಲ. ಹಲ್ಲಿ ಶಕುನ ಸುಳ್ಳು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹುಡುಗಿಯರು ನಗುವಾಗ ನಾನು ಮೊದಲಿನಷ್ಟು ಜೋರಾಗಿ ನಗುತ್ತಿರಲಿಲ್ಲ.

ಐದಾರು ವರ್ಷಗಳ ನಂತರದ ಮಾತು. ಅತ್ತೆಯವರಿಗೆ ಕಣ್ಣು ಮಂದವಾಗಿತ್ತು. ಮಧ್ಯಾಹ್ನ ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದೆವು. ನಾನು ರೊಟ್ಟಿ ಬಡಿಯುತ್ತಿದ್ದೆ, ಅವರು ಗೋಡೆಗೊರಗಿ ಕೂತಿದ್ದರು. ಇದ್ದಕ್ಕಿದ್ದಂತೆ, "ಅವತ್ತ ಫೋನ್ ಬಂದಿದ್ದಿಲ್ಲ, ಹೌದಿಲ್ಲೋ?" ಎಂದರು.

ಕೈ ನಿಂತಿತು. ಸುಳ್ಳು ಹೇಳಲು ಆಗಲಿಲ್ಲ. "ಇಲ್ಲರಿ ಅತ್ತಿ" ಎಂದೆ.

"ನನಗ ಅವತ್ತ ಗೊತ್ತಿತ್ತು. ಫೋನ್ ಬಂದಿದ್ರ ನೀ ಕಾಲ ತೊಳ್ಯಾಕ ಹಿತ್ತಲಕ್ಕ ಬರತಿದ್ದಿಯೇನು?"

"ಮತ್ತ ನಿಮ್ಮ ಮಗನ್ನ ಯಾಕ ಕಳಸಿದ್ರಿ? ಆ ಓತಿ ನೋಡಿ ಏನು?"

"ಏ, ಹುಳ ಹುಪ್ಪಡಿ ನೋಡಿ ಯಾರರ ಜೀಪ್ ಹೊಡಸ್ತಾರೇನು?" ಎಂದು ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ, "ನಿನ್ನ ಮಾರಿ ನೋಡಿ ಕಳಸಿದ್ನಿ" ಎಂದರು. "ರೊಟ್ಟಿ ಹೊತ್ತಾಕತ್ತೈತಿ ನೋಡು."

ಅವರು ಮತ್ತೆಂದೂ ಆ ಮಾತೆತ್ತಲಿಲ್ಲ. ಈಗ ಅವರಿಲ್ಲ. ಅವತ್ತು ಅವರ ಪಕ್ಕದಲ್ಲೇ ನಿಂತು, ಅವರು ಕಂಡದ್ದನ್ನೇ ನಾನೂ ಕಂಡೆ. ಏನು ಕಂಡೆ ಎಂದು ಕೇಳಿದರೆ ಬಣ್ಣ ಹೇಳಬಲ್ಲೆ, ಬೆರಳು ಎಣಿಸಿ ಹೇಳಬಲ್ಲೆ. ಅದು ಹೇಗೆ ಅಲ್ಲಿಗೆ ಬಂತು, ಮರದ ಹಿಂದಿನಿಂದ ಎಲ್ಲಿಗೆ ಹೋಯಿತು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.